ನನ್ನ ಸಮಾಧಿ ಕಲ್ಲಿನ ಖಾಲಿ ಜಾಗ

ನಗೆಯ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವಳಲ್ಲ. ಆದರೆ ನಮ್ಮ ಅಂಗಳಕ್ಕೆ ನನ್ನದೇ ಸಮಾಧಿ ಕಲ್ಲು ಬಂದ ಮೇಲೆ, ಮೊದಲು ಮೈ ಜುಮ್ಮೆನ್ನಿಸಿ ಆಮೇಲೆ ನಗಿಸುವ ಸಂಗತಿಗಳು ಒಂದರ ಹಿಂದೊಂದು ಬರುತ್ತಲೇ ಇವೆ.

ಒಂದು ಮಾತು ಬಾಕಿ

ಸ್ಕೂಲು ನನಗೆ ಬೇಗ ತಪ್ಪಿತು. ಅವ್ವ ಚರ್ಚಿನ ಸಮಾಧಿಗಳ ಸುತ್ತ ಕಳೆ ಕೀಳುವಾಗ, ಕಲ್ಲಿನ ಮೇಲಿನ ಹೆಸರುಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತೆ. ಇವತ್ತಿಗೂ ಸಮಾಧಿ ಕಲ್ಲು ಓದುವುದೇ ನನ್ನ ಹವ್ಯಾಸ. ನಮ್ಮ ಮನೆಯ ಹೆಂಗಸರ ಕಲ್ಲುಗಳ ಮೇಲೆಲ್ಲ ಒಂದೇ ಮಾತು: ಇಂಥವರ ಹೆಂಡತಿ. ಎರಡು ಕಥಾಸಂಕಲನ ಅಚ್ಚಾದ ಮೇಲೆ, ನನ್ನ ಕಲ್ಲಿನ ಮೇಲೆ ‘ಲೇಖಕಿ’ ಅಂತಿರಬೇಕು ಅಂದೆ. ಕಿಕ್ಕೇರಿಯಿಂದ ಬಂದಿದ್ದ ಭಾವ, ಎಂದರೆ ನನ್ನ ಗಂಡನ ಅಣ್ಣ, ಚಕ್ಕುಲಿ ಮುರಿಯುತ್ತ ನಕ್ಕರು.

“ಎರಡು ಬುಕ್ಕು ಬರೆದುಬುಟ್ರೆ ಲೇಖಕಿಯಾ? ಅಂಗಾರೆ ನಾನೂ ಎರಡು ಸಲ ಟ್ರಾಕ್ಟರು ಓಡ್ಸಿವ್ನಿ. ಡ್ರೈವರು ಅಂತ ಕೆತ್ತುಸ್ಲಾ?”

ನಾನು ಹೋದ ಮೇಲೆ ಕಲ್ಲು ಬರೆಸುವವರು ಮನೆಗೆ ಹಿರಿಯರಾದ ಈ ಭಾವನವರೇ. ಅದಕ್ಕೇ ಬದುಕಿರುವಾಗಲೇ ಪಾಂಡವಪುರದ ಕಡೆಯ ಒಬ್ಬ ಕಲ್ಲು ಕೆತ್ತುವವನಿಗೆ ಹೇಳಿ ಬಂದೆ. ನೋಡಲು ಹೋದರೆ ಶಿಲುಬೆ ಇದೆ, ಹೆಸರಿದೆ, ಹುಟ್ಟಿದ ದಿನ ಇದೆ. ‘ಲೇಖಕಿ’ ಇಲ್ಲ.

“ಬದುಕಿರೋರ ಕಲ್ಲು ಪೂರ್ತಿ ಆಗ್ಬಾರ್ದು ಕಣಮ್ಮ. ಪೂರ್ತಿ ಆದ್ರೆ ಅದು ಕರೀತದೆ” ಅಂದ.

“ಸತ್ತ ದಿನ ಖಾಲಿ ಇದೆಯಲ್ಲಪ್ಪ?”

“ಅದು ಮೇಲಿರೋನ ಬಾಕಿ. ನಮ್ಮ ಕಡೆಯಿಂದ್ಲೂ ಒಂದಿರ್ಬೇಕು. ಹೆಸ್ರು ಬುಡಕ್ಕಾಗಾಕಿಲ್ಲ, ಶಿಲುಬೆ ಬಿಟ್ಬುಡಕ್ಕೆ ಭಯ. ಇದೊಂದು ಇಲ್ದಿದ್ರೂ ನಡೀತದೆ ಅನ್ನುಸ್ತು.”

ಯಾವ ವಿಮರ್ಶಕರೂ ನನ್ನನ್ನು ಇಷ್ಟು ಚೊಕ್ಕವಾಗಿ ಮುಗಿಸಿರಲಿಲ್ಲ.

ಒಲೆ ಹಚ್ಚದ ಮನೆ

ಕಲ್ಲನ್ನು ಲಗೇಜ್ ಆಟೋದಲ್ಲಿ ನಮ್ಮೂರು ಗಂಜಾಂಗೆ ಕಳಿಸಿ ನಾನು ಬಸ್ಸಿನಲ್ಲಿ ಬಂದೆ. ಬಸ್ಸು ಕೆಟ್ಟು ತಡವಾಯಿತು; ವಿಷಯ ಹೇಳಲು ಮನೆಯಲ್ಲಿ ಗಂಡನೂ ಇರಲಿಲ್ಲ. ಬಂದರೆ ಅಂಗಳದ ತುಂಬ ಜನ. ನುಗ್ಗೆಮರಕ್ಕೆ ಒರಗಿಸಿದ್ದ ಕಲ್ಲಿನ ಮೇಲೆ ನನ್ನ ಹೆಸರು, ಅದಕ್ಕೊಂದು ಸೇವಂತಿಗೆ ಹಾರ. ಗೇಟು ಕಿರ್ರೆಂದಿತು. ಎಲ್ಲರ ಮುಖವೂ ಒಟ್ಟಿಗೇ ನನ್ನ ಕಡೆ ತಿರುಗಿತು. ಯಾರೂ ರೆಪ್ಪೆ ಬಡಿಯಲಿಲ್ಲ. ನಿಜವಾಗಿ ಸತ್ತಿದ್ದೇನೋ ಏನೋ ಅಂತ ನನಗೇ ಒಂದು ಗಳಿಗೆ ಅನ್ನಿಸಿತು.

ಪಕ್ಕದ ಮನೆಯಾಕೆ ಮೆಲ್ಲಗೆ ಬಗ್ಗಿ ನನ್ನ ಪಾದ ನೋಡಿದಳು. “ಕಾಲು ನೆಟ್ಟಗೇ ಅವೆ” ಅಂತ ಎಲ್ಲರಿಗೂ ಸಾರಿದಳು. ಆಮೇಲೆ ನನಗೆ, “ಬಂದದ್ದು ಒಳ್ಳೇದಾಯ್ತು ಕಣಕ್ಕ. ಸಾವಿನ ಮನೇಲಿ ಒಲೆ ಹಚ್ಚಬಾರ್ದು ಅಂತ ಆವಾಗ್ನಿಂದ ಕಾಪಿ ಇಲ್ದೆ ಕೂತಿವಿ. ನೀನೇ ಒಸಿ ಮಾಡ್ಬುಡು” ಅಂದಳು.

ಕುಂಕುಮ

ಆಮೇಲೆ ದಿನಾ ಬೆಳಿಗ್ಗೆ ಕಲ್ಲಿನ ಖಾಲಿ ಜಾಗದಲ್ಲಿ ಕುಂಕುಮ, ಬುಡದಲ್ಲಿ ಕೊಯ್ದ ನಿಂಬೆಹಣ್ಣು. ಒರೆಸಿದರೆ ಮರುದಿನ ಮತ್ತೆ. ಕೆಂಪು ಒದ್ದೆಯಾಗಿ ಕಲ್ಲಿನಿಂದಲೇ ಒಸರಿದ ಹಾಗೆ ಕಾಣುತ್ತಿತ್ತು. ಬೇಲಿಯಾಚೆಯವರ ಕೆಲಸ ಎಂದುಕೊಂಡು ಒಂದು ನಸುಕಿನಲ್ಲಿ ಕಿಟಕಿಯಲ್ಲಿ ಕಾದು ನಿಂತೆ.

ನನ್ನ ಗಂಡ! ಒಂದು ದಿನವೂ ಜಪಸರದ ಪ್ರಾರ್ಥನೆ ತಪ್ಪಿಸದ ಮನುಷ್ಯ.

“ಏನ್ರೀ ಇದು? ದೇವರ ಮೇಲೆ ನಂಬಿಕೆ ಇಲ್ವಾ?”

“ದೇವ್ರಿಗೆ ಹೇಳಿವ್ನಿ ಕಣೇ” ಅಂದರು, ಬೆರಳು ಪಂಚೆಗೆ ಒರೆಸಿಕೊಳ್ಳುತ್ತ. “ಆದ್ರೆ ಕಲ್ಲು ನಮ್ಮ ಚರ್ಚಿಗೆ ಸೇರಿದ್ದಲ್ವಲ್ಲ.”

ಗಂಟೆ

ಇಷ್ಟಾದ ಮೇಲೆ ನನ್ನ ಹಟ ಇನ್ನೂ ಬಲಿಯಿತು. ಕಲ್ಲಿಗೆ ಹೆದರಿ ‘ಇಂಥವರ ಹೆಂಡತಿ’ಯಾಗಿ ಮಲಗುವವಳು ನಾನಲ್ಲ. ಕೆತ್ತುವವನನ್ನು ಮನೆಗೇ ಕರೆಸಿದೆ. ಭಾವನವರನ್ನೂ ಕರೆಸಿದೆ, ಕಣ್ಣಾರೆ ನೋಡಲಿ ಅಂತ.

ಕೆತ್ತುವವನು ಒಲ್ಲದ ಮನಸ್ಸಿನಿಂದ ‘ಲೇಖಕಿ’ಯ ಖಾಲಿ ಜಾಗಕ್ಕೆ ಉಳಿ ಇಟ್ಟು ಸುತ್ತಿಗೆ ಎತ್ತಿದ. ಅಷ್ಟಕ್ಕೇ ಚರ್ಚಿನ ಗಂಟೆ. ಒಂದು ಪೆಟ್ಟು. ತಡೆದು ಇನ್ನೊಂದು. ಸಾವಿಗೆ ಹೊಡೆಯುವ ಗಂಟೆ. ನನ್ನ ಗಂಡ ಕಲ್ಲಿನಷ್ಟೇ ಬೆಳ್ಳಗಾದರು. ಭಾವ ಹಾರಿ ಬಂದು ಸುತ್ತಿಗೆ ಹಿಡಿದುಕೊಂಡರು.

“ಬ್ಯಾಡ ಕಣ್ಲಾ! ಅವ್ಳು ಲೇಖಕಿನೇ! ಊರಿಗೆಲ್ಲ ನಾನೇ ಹೇಳ್ಕಂಡು ಬತ್ತೀನಿ. ಈ ಕಲ್ಲಿಗೆ ಮಾತ್ರ ಹೇಳ್ಬ್ಯಾಡಿ!”

ನಾನು ಅಲುಗಲಿಲ್ಲ. ಗಂಟೆಗೆ ಹೊಸ ಹಗ್ಗ ಕಟ್ಟಿ ಹೊಡೆದು ನೋಡುತ್ತೇನೆ ಅಂತ ಗಂಟೆಯವನು ಬೆಳಿಗ್ಗೆಯೇ ನನಗೆ ಹೇಳಿದ್ದ.

“ಜೋರಾಗಿ ಹೇಳಿ ಭಾವ, ಪಕ್ಕದ ಮನೆಗೆ ಕೇಳಿಸಲಿಲ್ಲ” ಅಂದೆ.

“ಲೇಖಕಿ! ದೊಡ್ಡ ಲೇಖಕಿ!” ಅಂತ ಕೂಗಿದರು. ನುಗ್ಗೆಮರದ ಕಾಗೆ ಹಾರಿಹೋಯಿತು.

ಆ ಸುಖದಲ್ಲಿ ನಾನಿರುವಾಗಲೇ ಗೇಟು ತೆರೆದು ಗಂಟೆಯವನು ಬಂದ. ಹೆಗಲ ಮೇಲೆ ಹೊಸ ಹಗ್ಗದ ಸುರುಳಿ, ಬಿಚ್ಚಿಯೇ ಇರಲಿಲ್ಲ.

“ಅಮ್ಮಾ, ಒಂದು ಏಣಿ ಕೊಡಿ. ಹಳೇ ಹಗ್ಗ ಬಿಚ್ಚಾಕಿ ಪ್ಯಾಟೆಗೆ ಹೋಗಿದ್ದೆ, ಈಗ ಬಂದೆ. ಇನ್ನು ಕಟ್ಬೇಕು.”

ಭಾವ ಹಿಡಿದಿದ್ದ ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಕೆತ್ತುವವನು ನನ್ನ ಮುಖವನ್ನೇ ನೋಡುತ್ತಿದ್ದ.

“ಉಳಿ ಚೀಲಕ್ಕೆ ಹಾಕ್ಕೊಳ್ಳಪ್ಪ” ಅಂದೆ. “ಭಾವ ಹೇಳಿದ್ದೇ ಸಾಕು.”