ಸಿದ್ದವ್ವ ಗಂಡನಿಗೆ ತಂಗಿಯಾದ ಪ್ರಕರಣ

ಒಂದೇ ಅಡ್ಡಹೆಸರಿನವರೆಲ್ಲರೂ ಒಂದೇ ತಂದೆಯ ಮಕ್ಕಳು. ೧೯೩೭ರಲ್ಲಿ ಹಾನಗಲ್ಲಿನ ವಾರಸಾ ಶೋಧ ಕಚೇರಿಯಲ್ಲಿ ಸಿದ್ಧವಾದ ಸತ್ಯವಿದು. ಸಿದ್ಧಪಡಿಸಿದವನು ಕಾರಕೂನ ಮಹಾಲಿಂಗಪ್ಪ ಹುಲಗೂರ.

ತಿಳವಳ್ಳಿಯ ಸಿದ್ದವ್ವನಿಗೆ ಈ ಸತ್ಯ ಗೊತ್ತಿರಲಿಲ್ಲ. ಗಂಡ ಪರಮೇಶ್ವರಪ್ಪ ಹುಲಗೂರ ಸತ್ತು ಮೂರು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಅವನ ನಾಲ್ಕು ಕೂರಿಗೆ ಹೊಲವನ್ನು ತನ್ನ ಹೆಸರಿಗೆ ಹಚ್ಚಿರೆಂದು ಕೇಳಲು ಬುತ್ತಿ ಕಟ್ಟಿಕೊಂಡು ಬಂದಿದ್ದಳು.

"ನಿನ್ನ ಅಡ್ಡಹೆಸರು?"

"ಹುಲಗೂರ್ರೀ."

"ಸತ್ತವಂದು?"

"ಅವರದೂ ಹುಲಗೂರ್ರೀ."

ಮಹಾಲಿಂಗಪ್ಪ ಲೇಖಣಿ ಕೆಳಗಿಟ್ಟ. "ಅಂದ್ರ ಒಡಹುಟ್ಟಿದವರು. ಒಡಹುಟ್ಟಿದವರ ಲಗ್ನ ನಡ್ಯಾಂಗಿಲ್ಲವಾ. ನೀ ಹೆಂಡತಿ ಅಲ್ಲ, ತಂಗಿ. ಕೊಟ್ಟ ಹೆಣ್ಣಿಗೆ ತವರಿನ ಹೊಲ ಬರೂದಿಲ್ಲ."

"ಹಂಗಾರ ನನ್ನ ಯಾರಿಗೆ ಕೊಟ್ಟಾರ್ರೀ?"

"ಅದಕ್ಕ ಬ್ಯಾರೆ ಅರ್ಜಿ ಹಾಕು."

ಮರುವಾರ ಸಿದ್ದವ್ವ ಹೆಳವ ನಾಗಪ್ಪನನ್ನು ಕರೆತಂದಳು. ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶ ಒಪ್ಪಿಸುವುದು ಹೆಳವರ ಕಸಬು. ಕಚೇರಿಯ ಮುಂದೆ ಎತ್ತಿನಿಂದ ಇಳಿಯದೆಯೇ ಅವನು ಏಳು ತಲೆಮಾರು ಹೇಳಿದ.

"ಹುಲಗೂರು ಬಿಟ್ಟು ಬಂದವರಿಗೆಲ್ಲಾ ಹುಲಗೂರ ಅಂತಾರ್ರೀ ಸಾಹೇಬ್ರ. ಲಿಂಗವಂತರಾಗೂ ಅದಾರ, ಸಾಬರಾಗೂ ಅದಾರ. ಈಕಿ ತವರು ಬಂಕಾಪುರದ ಅಂಗಡಿಯವರ ಮನಿ. ನಿಮ್ಮ ಮುತ್ತ್ಯಾ ಅಂತೂ ಇವರ ಓಣಿ ಸೈತ ತುಳಿದಾಂವಲ್ಲ."

ಈ ಸಾಕ್ಷಿಯನ್ನು ಕಚೇರಿ ಸ್ವೀಕರಿಸಲಿಲ್ಲ. ಕಾರಣ, ಹೆಳವನ ವಂಶ ಹೇಳಲು ಇನ್ನೊಬ್ಬ ಹೆಳವ ಹಾಜರಿರಲಿಲ್ಲ. ಎತ್ತಿನ ವಂಶವೂ ತಿಳಿದುಬರಲಿಲ್ಲ.

ನಾಲ್ಕು ದಿನಕ್ಕೆ ಜಾಹೀರಾತು ಹಚ್ಚಿದರು: "ಮೃತ ಪರಮೇಶ್ವರಪ್ಪ ಹುಲಗೂರ ಇವರ ಹೊಲಕ್ಕೆ ಗಂಡು ವಾರಸುದಾರರನ್ನು ಶೋಧಿಸಲಾಗಿ, ಸದರಿ ಅಡ್ಡಹೆಸರಿನ ತಮ್ಮ ದೊರೆತಿರುತ್ತಾರೆ. ಶೋಧಿಸಿದವರು: ಮಹಾಲಿಂಗಪ್ಪ ಹುಲಗೂರ. ದೊರೆತವರು: ಸದರಿಯವರೇ."

ಸಿದ್ದವ್ವ ಓದಿಸಿ ಕೇಳಿದಳು. ಸೀದಾ ಒಳಗೆ ಹೋದಳು.

"ನಿಮ್ಮ ಮನಿಯಾಕಿ ಸರೋಜವ್ವಂದು ಯಾವ ಅಡ್ಡಹೆಸರ್ರೀ?"

ಮಹಾಲಿಂಗಪ್ಪ ಕಣ್ಣು ಮುಚ್ಚಿ ತೂಗಿ ನೋಡಿದ. ಒಂದು ಕಡೆ ಇಪ್ಪತ್ತು ವರ್ಷದ ಸಂಸಾರ, ಇನ್ನೊಂದು ಕಡೆ ಕೆರೆಯ ಕೆಳಗಿನ ನಾಲ್ಕು ಕೂರಿಗೆ.

"ಹುಲಗೂರ," ಎಂದ. "ಬರಕೋರಿ, ಅಕಿನೂ ತಂಗಿ. ಕಾಯದೆ ಎಲ್ಲಾರಿಗೂ ಒಂದ."

ಇಂಥ ಪ್ರಾಮಾಣಿಕ ಕಾರಕೂನನನ್ನು ತಾವು ಕಂಡಿಲ್ಲವೆಂದು ಊರ ಹಿರಿಯರು ಹೊಗಳಿ ಹಾರ ಹಾಕಿದರು.

ನಾಗರ ಪಂಚಮಿ ಬಂತು. ಮಹಾಲಿಂಗಪ್ಪ ಅಣ್ಣನ ಕರ್ತವ್ಯವೆಂದು ಸಿದ್ದವ್ವನಿಗೆ ಒಂದು ಕುಬಸದ ಖಣ ಕಳಿಸಿದ. ಗಂಡ ಸತ್ತವಳಿಗೆ ಖಣ ಕೊಡುವ ರೂಢಿಯಿಲ್ಲ. ಆದರೆ ದಫ್ತರದ ಪ್ರಕಾರ ಅವಳಿಗೆ ಗಂಡನೇ ಇರಲಿಲ್ಲವಾದ್ದರಿಂದ ಅಡ್ಡಿಯೇನೂ ಬರಲಿಲ್ಲ. ಸಿದ್ದವ್ವ ಆ ಖಣದಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ತನ್ನ ಹೊಲಕ್ಕೇ ಕಳೆ ತೆಗೆಯಲು ಕೂಲಿಗೆ ಹೋದಳು.

ಸರೋಜವ್ವನನ್ನು ಹಬ್ಬಕ್ಕೆ ತವರಿಗೆ ಕರೆಯಲು ಯಾರೂ ಬರಲಿಲ್ಲ. ಅವಳು ತವರಿನಲ್ಲೇ ಇದ್ದಳಲ್ಲ. ಉಂಡಿ ಕಟ್ಟಿ, ತಾಟು ಹಾಕಿ ಕರೆದಳು:

"ಅಣ್ಣಾ, ಊಟಕ್ಕ ಏಳ್ರಿ."

ಮಹಾಲಿಂಗಪ್ಪ ಕೈಕಾಲು ತೊಳೆದು ಬಂದು ಕುಂತ.