ಬಾಗಿಲ ಪಕ್ಕದ ಮೇಜನ್ನು ಮರಳಿ ಮಂಜೂರು ಮಾಡುವ ಬಗ್ಗೆ

ಇಂದ:
ಅಲೆಸಿ ರವುಲೊ,
ಫಿಜಿ ದೇಶದ ಸವುಸವು ಬಂದರು ಕಚೇರಿಯ ಮಾಜಿ ಗುಮಾಸ್ತೆ,
ಹಾಲಿ ವೃದ್ಧಾಶ್ರಮದಲ್ಲಿ ಹಿರಿಯರ ಆರೈಕೆ ಮಾಡುವವಳು,
ಬ್ರಿಸ್ಬೇನ್.

ಗೆ:
ಶ್ರೀಮತಿ ಸೊಭ್ನಾ ಗೌಂಡರ್,
ಮಾಲೀಕರು, ಅಡುಗೆಯವರು ಹಾಗೂ ಗದರಿಕೆ ವಿಭಾಗದ ಮುಖ್ಯಸ್ಥರು,
ಗೌಂಡರ್ ಊಟದ ಮನೆ, ಬಸ್ ನಿಲ್ದಾಣದ ಎದುರು,
ಬ್ರಿಸ್ಬೇನ್.

ವಿಷಯ: ತಮ್ಮ ಹೋಟೆಲಿನ ಬಾಗಿಲ ಪಕ್ಕದ ಮೇಜಿನಿಂದ ನನ್ನನ್ನು ಎಬ್ಬಿಸಿ ಹೊರಗೆ ಹಾಕಿರುವ ಆದೇಶವನ್ನು ಪುನರ್ ಪರಿಶೀಲಿಸುವಂತೆ ಕೋರಿ.

ಉಲ್ಲೇಖ: (೧) ಕಳೆದ ತಿಂಗಳ ಒಂದು ಗುರುವಾರ ಮಧ್ಯಾಹ್ನ ತಾವು ಸೌಟು ಹಿಡಿದು ಹೊರಡಿಸಿದ ಬಾಯಿಮಾತಿನ ಆದೇಶ.
(೨) ಮರುದಿನ ತಮ್ಮ ಬಾಗಿಲಿಗೆ ಅಂಟಿಸಿದ, "ಒಳಗೆ ಕೂತವರು ಹೊರಗೆ ಹಾದುಹೋಗುವವರನ್ನು ಊಟಕ್ಕೆ ಕರೆಯಕೂಡದು" ಎಂಬ ರಟ್ಟಿನ ಫಲಕ.

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಸದರಿ ಅರ್ಜಿದಾರಳಾದ ನಾನು ಖಾಲಿ ಹೊಟ್ಟೆಯಲ್ಲಿ, ಆದರೆ ಪೂರ್ತಿ ನೆಟ್ಟಗಿರುವ ಬುದ್ಧಿಯಿಂದ, ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನಾನು ಸವುಸವು ಬಂದರು ಕಚೇರಿಯಲ್ಲಿ ಕೂತು ಊರವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವಳು. ದೋಣಿ ಕಳೆದುಕೊಂಡವರಿಗೆ ಬರೆದಿದ್ದೇನೆ, ಹಂದಿ ಕಳೆದುಕೊಂಡವರಿಗೆ ಬರೆದಿದ್ದೇನೆ, ಕಳೆದ ಹಂದಿ ತಿಂದವರಿಗೂ ಬರೆದಿದ್ದೇನೆ. ನನಗಾಗಿ ಬರೆಯುತ್ತಿರುವುದು ಇದೇ ಮೊದಲು. ಆದ ಕಾರಣ, ಭಾಷೆಯಲ್ಲಿ ಎಲ್ಲಾದರೂ ಕಣ್ಣೀರು ಸಿಕ್ಕರೆ ಈರುಳ್ಳಿಯದೆಂದು ಭಾವಿಸಬೇಕು.

೨. ಈ ನಗರಕ್ಕೆ ಬಂದ ಮೇಲೆ ಹೊಟ್ಟೆಗೆ ಒಗ್ಗುವ ಜಾಗ ಹುಡುಕುತ್ತ ನಾನು ಪಟ್ಟ ಪಾಡನ್ನು ತಮ್ಮ ಗಮನಕ್ಕೆ ತರುವುದು ಅವಶ್ಯವಾಗಿದೆ.

(ಅ) ವೃದ್ಧಾಶ್ರಮದ ಜೊತೆಗಾರ್ತಿಯರು, "ಅಲೆಸಿ, ನದಿ ದಂಡೆ ಹೋಟೆಲಿಗೆ ಹೋಗು, ಅದಕ್ಕೆ ಬಹುಮಾನ ಬಂದಿದೆ" ಎಂದರು. ಹೋದೆ. ಮೊರದಷ್ಟು ಅಗಲದ ತಟ್ಟೆ ಬಂತು. ನಡುವೆ ಮೀನಿನ ಒಂದು ತುಣುಕು, ಸುತ್ತ ಹಸಿರು ಚುಕ್ಕೆ. ತಂದವನು ಪಕ್ಕದಲ್ಲೇ ನಿಂತು ಆ ಮೀನು ಎಲ್ಲಿ ಹುಟ್ಟಿತು, ಯಾರು ಹಿಡಿದರು, ಯಾವ ಹುಲ್ಲಿನ ಹೊಗೆಯಲ್ಲಿ ಮಲಗಿತ್ತು ಎಂದೆಲ್ಲ ವಿವರಿಸಿದ. ಕತೆ ಮುಗಿಯುವಷ್ಟರಲ್ಲಿ ಮೀನು ಆರಿತ್ತು. ಕತೆ ಚೆನ್ನಾಗಿತ್ತೆಂದು ಒಪ್ಪಿಕೊಳ್ಳಬೇಕು.

(ಆ) ಮುಂದೆ "ದ್ವೀಪದ ರುಚಿ" ಎಂಬ ಫಲಕ ಕಂಡು ಓಡಿದೆ. ಕೆಂಪು ಕೂದಲಿನ ಹುಡುಗಿಯೊಬ್ಬಳು ನನ್ನ ಕೊರಳಿಗೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿ, "ದ್ವೀಪಕ್ಕೆ ಸ್ವಾಗತ" ಎಂದಳು. "ನಾನು ಅಲ್ಲಿಂದಲೇ ಬಂದೆ ಮಗಳೇ" ಎಂದೆ. ಅವಳು ನಕ್ಕು ಅನಾನಸ್ ಹಾಕಿದ ಕೋಳಿ ತಂದಿಟ್ಟಳು. ಅನ್ನದ ಮೇಲೆ ಅನಾನಸ್, ಮೀನಿನ ಮೇಲೆ ಅನಾನಸ್, ನೀರಿನ ಲೋಟದ ಅಂಚಿಗೂ ಅನಾನಸ್. ನಮ್ಮ ದ್ವೀಪದಲ್ಲಿ ಇಷ್ಟೊಂದು ಅನಾನಸ್ ಕಂಡವಳಲ್ಲ ನಾನು.

(ಇ) ಬೇಕರಿಯ ಮಾಂಸದ ಪೈ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಈ ಊರಿನವರು ಅದನ್ನು ಕಾಗದದ ಚೀಲದಲ್ಲಿ ಹಿಡಿದು ನಡೆಯುತ್ತಲೇ ತಿನ್ನುತ್ತಾರೆ. ನಡೆಯುತ್ತ ತಿನ್ನುವವಳು ಯಾರನ್ನು ಕರೆಯಬೇಕು, ಎಲ್ಲಿ ಕೂರಿಸಬೇಕು? ಆದ ಕಾರಣ ಪೈಯನ್ನು ಕೈಬಿಡಲಾಯಿತು.

(ಈ) ಇನ್ನು ಮನೆಯೂಟ. ನನಗೆ ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟಿರುವ ಮನೆಯೊಡತಿ ಒಳ್ಳೆಯ ಹೆಂಗಸು. ಸಂಜೆ ಐದಕ್ಕೆ ಬಾಗಿಲು ಹಾಕಿ, ಪರದೆ ಎಳೆದು, ಟಿವಿಯ ಮುಂದೆ ತಟ್ಟೆ ಇಟ್ಟುಕೊಂಡು ಊಟ ಮುಗಿಸುತ್ತಾರೆ. ನಾನೂ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಮರಗೆಣಸು ಬೇಯಿಸಿಕೊಂಡೆ. ಎರಡು ತುಂಡು ತಿಂದು ಉಳಿದದ್ದನ್ನು ಮುಚ್ಚಿಟ್ಟೆ. ಬಾಗಿಲು ಹಾಕಿ ಉಣ್ಣುವವರು ಒಂದೋ ಕಳ್ಳರು, ಇಲ್ಲವೇ ಜ್ವರದವರು ಎಂದು ನನ್ನಜ್ಜಿ ಹೇಳುತ್ತಿದ್ದಳು. ನನಗೆ ಜ್ವರ ಇರಲಿಲ್ಲ.

೩. ಹೀಗಿರಲಾಗಿ ಒಂದು ಮಧ್ಯಾಹ್ನ ಬಸ್ಸಿನಿಂದ ಇಳಿದಾಗ ತಮ್ಮ ಹೋಟೆಲಿನಿಂದ ತೆಂಗಿನ ಹಾಲಿನಲ್ಲಿ ಮೀನು ಕುದಿಯುವ ವಾಸನೆ ಬಂತು. ಅದರ ಹಿಂದೆ ಕೆಸುವಿನ ಸೊಪ್ಪಿನ ವಾಸನೆ. ಒಳಗೆ ಬಂದು ಬಾಗಿಲ ಪಕ್ಕದ ಮೇಜಿಗೆ ಕೂತೆ. ಆಗ ನಮ್ಮಿಬ್ಬರ ನಡುವೆ ನಡೆದ ಮಾತನ್ನು ದಾಖಲೆಗಾಗಿ ಇಲ್ಲಿ ನಮೂದಿಸಿದೆ.

ತಾವು: "ಯಾವೂರಮ್ಮ ನಿಂದು?"

ನಾನು: "ಸವುಸವು."

ತಾವು: "ಹಾಗಾದ್ರೆ ಹಸಿಮೆಣಸಿನಕಾಯಿ ಕೇಳ್ಬೇಡ. ನಿಮ್ ಕಡೆಯೋರಿಗೆ ಖಾರ ತಡೆಯಲ್ಲ."

ನಾನು: "ನೀವು ಲಂಬಾಸದೋರು ತಾನೇ? ಮಾತಲ್ಲೇ ಗೊತ್ತಾಯ್ತು. ಆ ಬಿಸಿಲಲ್ಲಿ ಬೆಂದೋರಿಗೆ ಖಾರ ಯಾವ ಲೆಕ್ಕ ಬಿಡಿ."

ಒಂದೇ ದ್ವೀಪ, ಗುಡ್ಡದ ಆಚೆ ತಾವು, ಈಚೆ ನಾನು. ತಾವು ನಗಲಿಲ್ಲ. ಆದರೆ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಗೊಜ್ಜು ಬಿತ್ತು. ಮೊದಲ ತುತ್ತಿಗೆ ನನಗೆ ಅಳು ಬಂತು. ಮೆಣಸಿನಕಾಯಿ ಎಂದೆ. "ಹೇಳಿದ್ನಲ್ಲ" ಎಂದಿರಿ. ಅಂದಿನಿಂದ ಆ ಮೇಜು ನನ್ನದಾಯಿತು.

೪. ಈಗ ಆರೋಪದ ವಿಚಾರ. ನಮ್ಮೂರಲ್ಲಿ ಉಣ್ಣುವಾಗ ಬಾಗಿಲು ತೆರೆದಿರಬೇಕು. ಮುಂದೆ ಯಾರೇ ಹಾದುಹೋದರೂ "ಬನ್ನಿ, ಊಟ ಮಾಡಿ" ಎಂದು ಕರೆಯಬೇಕು. ಕರೆಯುವುದು ಉಣ್ಣುವವರ ಧರ್ಮ. "ಆಯ್ತು ಆಯ್ತು, ನೀವು ಉಣ್ಣಿ, ನನ್ನ ಹೊಟ್ಟೆ ತುಂಬಿದೆ" ಎಂದು ಮುಂದೆ ಹೋಗುವುದು ದಾರಿಹೋಕರ ಧರ್ಮ. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಹಾಗೇ ಅನ್ನಬೇಕು. ನಾನು ಹುಟ್ಟಿದಾಗಿನಿಂದ ದಿನಕ್ಕೆ ಮೂರು ಹೊತ್ತು ಕರೆದಿದ್ದೇನೆ. ಒಬ್ಬರೂ ಒಳಗೆ ಬಂದದ್ದಿಲ್ಲ. ಇದೆಲ್ಲ ಲಂಬಾಸದವರಾದ ತಮಗೆ ಗೊತ್ತಿಲ್ಲದ್ದೇನಲ್ಲ.

೫. ಆದ್ದರಿಂದ ಬಾಗಿಲ ಪಕ್ಕ ಕೂತು ಉಣ್ಣುತ್ತಿದ್ದ ನಾನು, ಮುಂದೆ ಹೋಗುತ್ತಿದ್ದ ಕ್ಲೈವ್ ಎಂಬ ಮುದುಕರನ್ನು ಕರೆದೆ. ಅವರು ನಿವೃತ್ತ ಟಪಾಲಿನವರು, ಜೊತೆಗೊಂದು ಗಿಡ್ಡ ಕಾಲಿನ ನಾಯಿ.

"ನನ್ನನ್ನಾ ಕರೆದಿದ್ದು?" ಎಂದರು.

"ಹೌದು, ಬನ್ನಿ, ಊಟ ಮಾಡಿ."

"ಸರಿ ಮತ್ತೆ" ಎಂದವರೇ ಕುರ್ಚಿ ಎಳೆದು ಕೂತುಬಿಟ್ಟರು.

ಮಾನ್ಯರೇ, ಆ ಕ್ಷಣ ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಒಪ್ಪಿಕೊಂಡವರಿಗೆ ಮುಂದೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಅತಿಥಿ ಎಂದ ಮೇಲೆ ಮೀನಿನ ತಲೆ ಅವರಿಗೇ ಸಲ್ಲಬೇಕು. ನನಗೆ ಪ್ರಾಣವಾದ ಆ ತಲೆಯನ್ನು ಎತ್ತಿ ಅವರ ಮುಂದಿಟ್ಟೆ.

ಕ್ಲೈವ್ ಅದನ್ನು ನೋಡಿದರು. "ಇದು ನನ್ನನ್ನೇ ನೋಡ್ತಾ ಇದೆಯಲ್ಲಮ್ಮ" ಎಂದರು.

"ಪರಿಚಯ ಮಾಡ್ಕೊಳ್ಳಿ" ಎಂದೆ.

ಮಾಡಿಕೊಂಡರು. ಕೆನ್ನೆಯ ಮಾಂಸ ಬಿಡಿಸುವುದನ್ನು ತೋರಿಸಿಕೊಟ್ಟೆ. ಹೆಂಡತಿ ಹೋದ ಮೇಲೆ ಡಬ್ಬಿಯ ಸೂಪು ಬಿಸಿ ಮಾಡಿಕೊಂಡು ಅಡುಗೆಮನೆಯ ಸಿಂಕಿನ ಮುಂದೆ ನಿಂತೇ ಕುಡಿಯುತ್ತಿದ್ದರಂತೆ. ಮರುದಿನ ಅವರು ಅದೇ ಹೊತ್ತಿಗೆ ಬಾಗಿಲ ಮುಂದೆ ಬಹಳ ನಿಧಾನವಾಗಿ ನಡೆದರು. ಕರೆದೆ. ಬಂದರು.

೬. ಅದಾದ ಮೇಲೆ ರಸ್ತೆ ಅಗೆಯುವ ಕಿತ್ತಳೆ ಅಂಗಿಯವರು ಬಂದರು, ಪಾರ್ಸೆಲ್ ಹಂಚುವ ಹೆಂಗಸು ಬಂದಳು. ಎಲ್ಲರೂ ನನ್ನ ಒಂದೇ ತಟ್ಟೆಯಿಂದ ತಿಂದರೇ ಹೊರತು ತಮ್ಮಲ್ಲಿ ಏನನ್ನೂ ಕೇಳಿ ತರಿಸಲಿಲ್ಲ. ಬೇರೆ ಮೇಜಿನ ಕುರ್ಚಿಗಳೆಲ್ಲ ನನ್ನ ಮೇಜಿಗೆ ಸರಿದವು. ನಾಯಿ ತಮ್ಮ ಕಾಲಿಗೆ ಎರಡು ಸಲ ತೊಡರಿತು. ಇವು ಸತ್ಯ. ತಾವು, "ಅಲೆಸಿ, ಇದು ಹೋಟೆಲ್ಲೋ, ನಿಮ್ಮಜ್ಜಿ ಮನೆ ಜಗುಲಿಯೋ?" ಎಂದು ಕೇಳಿದ್ದೂ ಸತ್ಯ. "ನಮ್ಮಜ್ಜಿ ಮನೆ ಜಗುಲೀಲಿ ಫ್ಯಾನ್ ಇರಲಿಲ್ಲ" ಎಂಬ ನನ್ನ ಉತ್ತರ ಆ ಹೊತ್ತಿಗೆ ತಕ್ಕುದಲ್ಲವೆಂದು ಈಗ ಅನ್ನಿಸುತ್ತಿದೆ.

೭. ಇನ್ನು ಆ ಗುರುವಾರ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಕ್ಲಬ್ಬಿನ ಹಿರಿಯರನ್ನು ಪಂದ್ಯಕ್ಕೆ ಕರೆದೊಯ್ಯುತ್ತಿದ್ದ ಬಸ್ಸು ತಮ್ಮ ಹೋಟೆಲಿನ ಮುಂದೆಯೇ ಕೆಟ್ಟು ನಿಂತಿತು. ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟ ಅಷ್ಟೂ ಜನ ಬಿಸಿಲಲ್ಲಿ ಸಾಲಾಗಿ ನಿಂತು ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಅವರ ಎದುರು ತಲೆ ತಗ್ಗಿಸಿ ನುಂಗುವುದು ಯಾವ ತಾಯಿ ಹೆತ್ತ ಮಗಳಿಗಾದರೂ ಸಾಧ್ಯವೇ ಎಂದು ತಾವೇ ಹೇಳಬೇಕು. ಕರೆದೆ. ಅಷ್ಟೂ ಜನ ಬಂದರು. ತಾವು ಆಗ ಹಿತ್ತಲಲ್ಲಿ ತರಕಾರಿಯವನ ಜೊತೆ ಜಗಳದಲ್ಲಿದ್ದಿರಿ.

ಅವರು ಇದು ಬಸ್ಸಿನ ಕಂಪನಿಯವರು ಏರ್ಪಡಿಸಿದ ಊಟವೆಂದು ತಿಳಿದರು. ಒಬ್ಬಾಕೆ ತಾನಾಗಿ ಒಳಗೆ ಹೋಗಿ ದೊಡ್ಡ ಪಾತ್ರೆಯನ್ನೇ ಹೊತ್ತು ತಂದರು. ಅದು ಸಂಜೆ ಗಿರಾಕಿಯೊಬ್ಬರ ಮನೆಯ ಸೀಮಂತಕ್ಕೆಂದು ತಾವು ಮಾಡಿಟ್ಟಿದ್ದ ಮೀನು ಎಂಬುದು ನನಗಾಗಲಿ, ಅವರಿಗಾಗಲಿ ತಿಳಿದಿರಲಿಲ್ಲ. ತಾವು ಒಳಗೆ ಬರುವಷ್ಟರಲ್ಲಿ ಪಾತ್ರೆ ಬರಿದಾಗಿತ್ತು, ಬಿಳಿ ಅಂಗಿಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿದ್ದವು, ಮತ್ತು ಒಬ್ಬ ಹಿರಿಯರು ಎದ್ದು ನಿಂತು ಬಸ್ಸಿನ ಕಂಪನಿಗೆ ವಂದನೆ ಅರ್ಪಿಸುತ್ತಿದ್ದರು.

೮. ಆಗ ತಾವು ಹೇಳಿದ ಮಾತು: "ಇದು ಫಿಜಿ ಅಲ್ಲ ಕಣೇ. ಇಲ್ಲಿ ಯಾರೂ ಯಾರನ್ನೂ ಕರೆಯಲ್ಲ. ಅದನ್ನ ಕಲಿಯೋಕೆ ನಂಗೆ ಎಷ್ಟು ವರ್ಷ ಹಿಡೀತು ಗೊತ್ತಾ? ಎದ್ದೇಳು. ನಾನಾಗಿ ಕರೆಯೋ ತನಕ ಈ ಹೊಸ್ತಿಲು ತುಳಿಯಬೇಡ."

ನಾನು ಆ ದಿನ ಪಾತ್ರೆಗಳನ್ನೆಲ್ಲ ಉಜ್ಜಿಟ್ಟು, ಸಂಜೆಯ ಮೀನಿಗೆ ತೆಂಗಿನಕಾಯಿ ತುರಿದುಕೊಟ್ಟು ಹೊರಟೆ. ತುರಿಯುವಾಗ ತಾವು ಒಮ್ಮೆಯೂ ಬೈಯಲಿಲ್ಲ. ನನಗೆ ಆದೇಶಕ್ಕಿಂತ ಅದೇ ಹೆಚ್ಚು ನೋವಾಯಿತು.

೯. ತದನಂತರ ಅರ್ಜಿದಾರಳು ಬೇರೆ ಹೋಟೆಲುಗಳನ್ನು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದಾಳೆ. ಫೋನಿನಲ್ಲಿ ಜನ ನಕ್ಷತ್ರ ಕೊಟ್ಟ ಜಾಗಗಳಿಗೆಲ್ಲ ಹೋದೆ. ಒಂದಕ್ಕೆ ಐದು ನಕ್ಷತ್ರ ಬಂದದ್ದು ಕಾರು ನಿಲ್ಲಿಸಲು ಜಾಗವಿದೆ ಎಂಬುದಕ್ಕೆ. ಊಟ ಕೆಟ್ಟದ್ದೇನಲ್ಲ, ಹೊಟ್ಟೆ ತುಂಬುತ್ತದೆ. ಆದರೆ ನನ್ನನ್ನು ಬೈಯುವವರು ಅಲ್ಲಿ ಯಾರೂ ಇಲ್ಲ. ಎಲ್ಲರೂ ಬಹಳ ಮರ್ಯಾದೆಯಿಂದ ನಡೆಸಿಕೊಳ್ಳುತ್ತಾರೆ. ಹೀಗೇ ಮರ್ಯಾದೆ ಸಿಗುತ್ತ ಹೋದರೆ ನಾನು ಈ ಊರಲ್ಲಿ ಬಹಳ ದಿನ ಬಾಳಲಾರೆ.

ಕ್ಲೈವ್ ನನಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. "ಸೊಭ್ನಾ ಹೋಟೆಲಿಗೆ ಹೋಗ್ತಿಲ್ವಾ?" ಎಂದು ಕೇಳಿದೆ. "ಹೇಗೆ ಹೋಗಲಮ್ಮ? ದಿನಾ ಮುಂದೆ ನಡೀತೀನಿ. ಕರೆಯೋರೇ ಇಲ್ಲ" ಎಂದರು. ದುಡ್ಡು ಕೊಟ್ಟರೆ ಯಾರೂ ಕರೆಯದೆಯೇ ಒಳಗೆ ಹೋಗಬಹುದೆಂದು ವಿವರಿಸಿ ಹೇಳಿದೆ. ಅದು ಬೇರೆ ಎಂದರು.

೧೦. ಕೊನೆಯದಾಗಿ ಒಂದು ಸಂಗತಿ. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಪಾತ್ರೆ ಉಜ್ಜಿದ ದಿನ ತಮ್ಮ ಊಟವನ್ನು ನೋಡಿದೆ. ಗಿರಾಕಿಗಳೆಲ್ಲ ಹೋದ ಮೇಲೆ ತಾವು ಒಲೆಯ ಪಕ್ಕ, ಗೋಡೆಗೆ ಮುಖ ಮಾಡಿ, ನಿಂತುಕೊಂಡು, ಬಾಣಲೆಯಿಂದಲೇ ನಾಲ್ಕು ತುತ್ತು ತಿಂದಿರಿ. ಇಡೀ ಊರಿಗೆ ಬಡಿಸುವವರು. ಲಂಬಾಸದಲ್ಲಿ ತಾವು ಹಾಗೆ ಉಂಡವರಲ್ಲ ಎಂದು ನಾನು ಯಾವ ಕಚೇರಿಯಲ್ಲಾದರೂ ಪ್ರಮಾಣ ಮಾಡಬಲ್ಲೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಹಾಗೂ ಉಲ್ಲೇಖ (೧)ರ ಆದೇಶದಲ್ಲೇ "ನಾನಾಗಿ ಕರೆಯೋ ತನಕ" ಎಂಬ ಪದಗಳು ಇರುವ ಕಾರಣ, ಅರ್ಜಿದಾರಳು ಪ್ರಾರ್ಥಿಸುವುದೇನೆಂದರೆ: ಬರುವ ಸೋಮವಾರ ಮಧ್ಯಾಹ್ನ ಗಿರಾಕಿಗಳ ಗದ್ದಲ ಇಳಿದ ಮೇಲೆ, ತಾವು ತಟ್ಟೆಗೆ ಬಡಿಸಿಕೊಂಡು, ಬಾಗಿಲ ಪಕ್ಕದ ಮೇಜಿಗೆ ಬಂದು, ಕೂತು ಉಣ್ಣಬೇಕು. ಬಾಗಿಲು ತೆರೆದಿರಬೇಕು. ಅದೇ ಹೊತ್ತಿಗೆ ನಾನು ಸಾರ್ವಜನಿಕ ರಸ್ತೆಯಲ್ಲಿ, ನನ್ನ ಹಕ್ಕಿನ ಮಿತಿಯೊಳಗೆ, ಬಹಳ ನಿಧಾನವಾಗಿ ಹಾದುಹೋಗುತ್ತೇನೆ. ಮುಂದಿನದನ್ನು ತಾವು ಹುಟ್ಟಿ ಬೆಳೆದ ಮನೆಯವರು ತಮಗೆ ಕಲಿಸಿಯೇ ಇದ್ದಾರೆ.

ಪದ್ಧತಿಯ ಪ್ರಕಾರ ನಾನು "ಹೊಟ್ಟೆ ತುಂಬಿದೆ, ನೀವು ಉಣ್ಣಿ" ಎಂದು ಮುಂದೆ ಹೋಗಬೇಕಾಗಿರುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಕ್ಲೈವ್ ಅವರ ಪದ್ಧತಿಯನ್ನು ಅನುಸರಿಸುವುದಾಗಿ ಈ ಮೂಲಕ ಮುಂಚಿತವಾಗಿ ತಿಳಿಸಿರುತ್ತೇನೆ.

ಇತಿ, ತಮ್ಮ ವಿಶ್ವಾಸಿಯೂ, ಅಂದಿನಿಂದ ಸರಿಯಾಗಿ ಉಣ್ಣದವಳೂ ಆದ,
ಅಲೆಸಿ ರವುಲೊ

ಲಗತ್ತುಗಳು:
೧. ತಾವು ಹಿಂದೊಮ್ಮೆ ಗೊಜ್ಜು ಕಟ್ಟಿಕೊಟ್ಟಿದ್ದ ಸ್ಟೀಲಿನ ಡಬ್ಬಿ, ತೊಳೆದದ್ದು. ಖಾಲಿ ಕೊಡಬಾರದೆಂದು ಒಳಗೆ ನಿಂಬೆಹಣ್ಣು ಇಟ್ಟಿದೆ.
೨. ಚೆಂಡಿನ ಕ್ಲಬ್ಬಿನ ಅಧ್ಯಕ್ಷರ ಅಂಗಿ ಒಂದು, ಮಾದರಿಗಾಗಿ. ಕಲೆ ಹೋಗಿಲ್ಲ. ಹೋಗುವುದು ಬೇಡವೆಂದು ಅವರು ಹೇಳಿದ್ದಾರೆ, ಮುಂದಿನ ಸಲ ಬಸ್ಸು ಯಾವಾಗ ಕೆಡುತ್ತದೆಂದೂ ಕೇಳಿದ್ದಾರೆ.

ಪ್ರತಿ: ಶ್ರೀ ಕ್ಲೈವ್ ಅವರಿಗೆ, ನನ್ನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆಯುವ ಸಲುವಾಗಿ. ನಾಯಿಗೆ, ಮಾಹಿತಿಗಾಗಿ.

ವಿಶೇಷ ಸೂಚನೆ: ಸೋಮವಾರದಂದು ಅತಿಥಿ ನಾನಾಗಿರುವುದರಿಂದ, ಮೀನಿನ ತಲೆಯನ್ನು ಬೇರೆ ಯಾರಿಗೂ ಮಂಜೂರು ಮಾಡದೆ ಕಾಯ್ದಿರಿಸಬೇಕಾಗಿ ವಿನಂತಿ.