ಹಾಲಿನ ಟಾಕಿ, ಸೋಡಾದ ಗ್ಯಾಸು

ಗೋಕುಳ ಶಿರಗಾಂವದಾಗ ವೆಲ್ಡಿಂಗ್ ಶಾಪಿನ ಫೋರ್ಮನ್ ಆದಾಗಿಂದ ಒಂದ ದಿನಾನೂ ನೆಟ್ಟಗ ಹೋಗಿಲ್ಲ. ನನಗ ಬಿಪಿ ಯಾಕ ಬಂತು ಅಂತ ಡಾಕ್ಟರೂ ಈಗ ಕೇಳಂಗಿಲ್ಲ. ಈ ಸಲ ಗಡಹಿಂಗ್ಲಜ ಕಡೆ ಡೇರಿಗೆ ಸ್ಟೀಲಿನ ಹಾಲಿನ ಟಾಕಿ, ಅಂದ್ರ ದೊಡ್ಡ ಟ್ಯಾಂಕು, ಮಾಡೂದಿತ್ತು. ಟಾಕಿ ಸೋರಬಾರದು, ಒಳಗ ಕುಂತ ವೆಲ್ಡಿಂಗ್ ಮಾಡಾಂವ ಜೀವಂತ ಹೊರಗ ಬರಬೇಕು. ಇಷ್ಟ ನನ್ನ ಆಸೆ.

ಸೋಡಾ

ಶಾಪಿನ ಮಾಲಕರು, ನಮ್ಮ ಶೇಟರು, ಮೊದಲ ಇಚಲಕರಂಜಿಯೊಳಗ ಬಟ್ಟಿ ನೇಯೂ ಪಾವರ್‌ಲೂಮ್ ನಡಸ್ತಿದ್ದವರು. ವೆಲ್ಡಿಂಗ್ ಮಾಡೂವಾಗ ಜಾಯಿಂಟಿಗೆ ಹೊರಗಿನ ಹವಾ ತಾಗದಂಗ ಈ ಸ್ಟೀಲಿಗೆ ಆರ್ಗಾನ್ ಹೆಚ್ಚಿರೋ ಗ್ಯಾಸ್ ಬಿಡಬೇಕ್ರಿ, ಬರೇ ಕಾರ್ಬನ್ ಡೈಆಕ್ಸೈಡ್ ಬಿಟ್ರ ಜಾಯಿಂಟ್ ಕರ್ರಗಾಗಿ ಮುಂದ ತುಕ್ಕ ಹಿಡೀತೈತಿ ಅಂತ ಗಂಟಲ ಹರಕೊಂಡೆ. ಶಾಂತ ಕೇಳಿ ಅವರಂದ್ರು, "ಅದ ಸೋಡಾದಾಗ ಹಾಕೂ ಗ್ಯಾಸ್ ಅಲ್ಲೇನ್ರಿ? ಹೊಟ್ಟಿಗೆ ನಡೀತೈತಿ, ಸ್ಟೀಲಿಗೆ ಯಾಕ ನಡ್ಯಂಗಿಲ್ಲ?" ಹಣಿ ಬಡಕೊಂಡು ನಾನ ಹೋಗಿ ಆರ್ಗಾನ್ ಸಿಲಿಂಡರ್ ತಂದೆ.

ಫ್ಯಾನು

ಸೆಕಿ ಅಂತ ನಮ್ಮ ವೆಲ್ಡರ್ ಟೇಬಲ್ ಫ್ಯಾನ್ ತನ್ನ ಕಡೆ ತಿರುಗಿಸ್ಕೊಂಡ. ಗಾಳಿಗೆ ಗ್ಯಾಸೆಲ್ಲ ಹಾರಿ ಹೋಗಿ ಜಾಯಿಂಟ್ ತುಂಬ ತೂತ. ಬಂದ್ ಮಾಡಪ್ಪಾ ಅಂದ್ರ, ಬೆವರ ಕಣ್ಣಾಗ ಇಳದ್ರ ಇನ್ನೂ ಹೊಲಸಾಗತೈತಿ ಅಂತ ನನಗ ಪಾಠಾ ಹೇಳಿದ. ಎಲ್ಲಾ ತಿಕ್ಕಿ ತಗದು ಮತ್ತ ಮೊದಲಿಂದ ಮಾಡೂದಾತು. ಶೇಟರು ಬಗ್ಗಿ ತೂತ ನೋಡಿದ್ರು. "ಅಹೋ, ಟಾಕಿ ಮಾಡಾಕ ಹೇಳಿದ್ದೆ, ಸೊಳ್ಳಿ ಪರದೆ ನೇಯ್ದೀರಿ."

ಸಾಬೂನು

ಪೈಪಿನಾಗ ಗ್ಯಾಸ್ ಸೋರತೈತಿ ಅಂತ ಸಂಶೆ ಬಂತು. ಆರ್ಗಾನಿಗೆ ವಾಸನಿ ಇಲ್ಲ, ಮೂಗಿಂದ ಏನೂ ಉಪಯೋಗಿಲ್ಲ. ಪೈಪಿನ ಬಾಯಿಗೆ ಸಾಬೂನ ನೀರ ಹಚ್ಚಿ ಗುಳ್ಳಿ ಬರತಾವೇನ ನೋಡು, ಬಂದ್ರ ಅಲ್ಲೇ ಸೋರತೈತಿ ಅಂತ ವೆಲ್ಡರಗ ಹೇಳಿದೆ. ಖುಷೀಲೆ ಬಂದ.

"ಭಾಳ ಗುಳ್ಳಿ ಬಂದ್ವು ರೀ. ಸಾಬೂನ ಚಲೋ ಐತಿ."

ಅವನ ಕೈಯಾಗಿನ ಪಾನಾ ಕಸ್ಕೊಂಡು ಪೈಪಿನ ನಟ್ಟ ನಾನ ಬಿಗಿ ಮಾಡಿದೆ.

ಟಾಕಿ ಒಳಗ

ಒಳಗಿನ ಜಾಯಿಂಟ್ ಉಳೀತು. ಅಲ್ಲಿ ಗ್ಯಾಸ್ ತುಂಬಿ ಉಸರಾಡೂ ಹವಾ ಕಡಿಮಿ ಆದ್ರ ಮನುಷ್ಯಾ ಗೊತ್ತಾಗದಂಗ ಬಿದ್ದಬಿಡತಾನ. ಎರಡೂ ಮುಚ್ಚಳ ತಗಸಿದೆ, ವೆಲ್ಡರಗ ಹಗ್ಗಾ ಕಟ್ಟಿಸಿದೆ, ಹವಾ ಎಳ್ಯೂ ಫ್ಯಾನ್ ಹಚ್ಚು ಅಂದೆ. ನಿನ್ನಿ ಬಂದ್ ಮಾಡು ಅಂದ್ರಿ, ಇವತ್ತ ಹಚ್ಚು ಅಂತೀರಿ ಅಂತ ಗೊಣಗಕೋತ ಇಳದ. ಟಾಕಿ ಬಾಯಿ ಹತ್ರ ನಿಂತು ಆಗಾಗ ಕೂಗ್ರಿ, ಓ ಅನ್ನಲಿಲ್ಲಂದ್ರ ಒಳಗ ಜಿಗೀಬ್ಯಾಡ್ರಿ, ನನ್ನ ಕರೀರಿ ಅಂತ ಶೇಟರಿಗೆ ಹೇಳಿದೆ.

ಸ್ವಲ್ಪ ಹೊತ್ತಿಗೆ ಶೇಟರು ಮಾರಿ ಬೆಳ್ಳಗ ಮಾಡ್ಕೊಂಡು ಓಡಿ ಬಂದ್ರು. ವೆಲ್ಡಿಂಗ್ ಸಪ್ಪಳ ನಿಂತೈತಿ, ಎಷ್ಟ ಕೂಗಿದ್ರೂ ಓ ಅನ್ನಾಕತ್ತಿಲ್ಲ ಅಂದ್ರು. ಟಾಕಿ ಕಡೆ ಓಡಿದೆ. ಗ್ಯಾಸ್ ಬಂದ್ ಮಾಡಿ, ಮಶೀನ್ ಬಂದ್ ಮಾಡಿ, ಎಲ್ಲಾರೂ ಸೇರಿ ಹಗ್ಗಾ ಜಗ್ಗಿದ್ವಿ. ಅವನ ಹೆಂಡತಿಗೆ ಏನ ಹೇಳ್ಲಿ ಅಂತ ನನಗ ಅಳುನ ಬಂತು. ಬಾವಿಯಿಂದ ಕೊಡಾ ಬಂದಂಗ ಮ್ಯಾಲೆ ಬಂದ. ಹೆಲ್ಮೆಟ್ ತಗದು, ಸೊಂಟಾ ತಿಕ್ಕೋತ, ಸಿಟ್ಟಿಲೆ ನನ್ನ ನೋಡಿದ.

"ಜಾಯಿಂಟ್ ಮುಗಿಸಿ ಕುಂತಿದ್ನಿ, ನೀವ ಕರದಿದ್ರ ಓ ಅಂತಿದ್ನಿ ರೀ. ಮುಂಜಾನೆ ಶೇಟರು ಎಲ್ಲಾರ ಮುಂದ ಬೈದಾರ. ನಾ ಅವರ ಜೋಡಿ ಮಾತ ಬಿಟ್ಟೇನಿ."